ಬಿದ್ದ ಮರದ ಪಾಚಿ, ಬಿದ್ದ ಮರದ ಇಲಿ

ಏಪ್ರಿಲ್ 24
ಬರ್ಚ್ ಮರದಿಂದ ಇಳಿಸಿದ ರಸ ಹುಳಿಯಾಗುತ್ತಿದೆ. ಹಾಗೇ ಕುಡಿದು ಕಾಡಿಗೆ. ಬಿದ್ದ ಸ್ಪ್ರೂಸ್ ಮರದ ಮೇಲೆ ನನ್ನ ಪಾಚಿ ಇನ್ನೂ ಇದೆ. ಎಲೆ ಕಣ್ಣಿಗೆ ಕಾಣದು; ಕಾಯಿ ಹೊತ್ತ ಕಡ್ಡಿ ಎದ್ದರೆ ಮಾತ್ರ ಗುರುತು. ಸೋಮವಾರ ತ್ಸೇಸಿಸ್ ಪಟ್ಟಣದಿಂದ ರೇಂಜರ್ ಅರ್ನಿಸ್ ಬರುತ್ತಾರೆ. ಕಾಯ್ದೆಯ ರಕ್ಷಣೆ ಇರುವ ಜೀವಿಯನ್ನು ಕಣ್ಣಾರೆ ಕಂಡರೆ ಮರ ಉಳಿಯುತ್ತದೆ. ಫೋಟೋ ನಡೆಯದು. ಕಾಣದಿದ್ದರೆ ಮರ ಸಾಗಿಸುವ ಯಂತ್ರ ಎಳೆದೊಯ್ಯುತ್ತದೆ.

ನನಗೆ ಪಾಚಿಗಳ ಅಧ್ಯಯನ, ಗಂಡ ಗುನಾರ್ಸ್‌ಗೆ ಇಲಿಗಳದು. ಯಾರ ಜೀವಿ ಹೆಚ್ಚು ಎಂಬ ಜಗಳ ಮದುವೆಯಷ್ಟೇ ಹಳೆಯದು.

"ನಿನ್ನದು ಕೂತಲ್ಲೇ ಕೂತಿರುತ್ತೆ ಕಣೆ. ನನ್ನದು ಓಡುತ್ತೆ."

ಓಡಲಾಗದ್ದಕ್ಕೇ ಕಾವಲು ಬೇಕು ಅಂದೆ. ನಕ್ಕು ಸೂಪ್ ಬಡಿಸಿದ.

ಏಪ್ರಿಲ್ 26, ಸಂಜೆ
ಅರ್ನಿಸ್ ಬಗ್ಗುವವರಲ್ಲ. ಮಂಡಿ ನೋವು. ನಿಂತಲ್ಲಿಂದಲೇ ಕಾಣಲೆಂದು ಕಡ್ಡಿಗಳ ಸುತ್ತಲಿನ ತರಗೆಲೆ, ಬೇರೆ ಪಾಚಿ ಎಲ್ಲ ಬಿಡಿಸಿದೆ. ಚೊಕ್ಕವಾಯಿತು.

ಏಪ್ರಿಲ್ 28, ಬೆಳಿಗ್ಗೆ
ಒಂದು ಕಡ್ಡಿಯೂ ಉಳಿದಿಲ್ಲ. ಬುಡದಲ್ಲೇ ಕಚ್ಚಿದ ಗುರುತು. ಮರೆ ತೆಗೆದು ತಟ್ಟೆಯಲ್ಲಿಟ್ಟು ಕೊಟ್ಟವಳು ನಾನೇ. ಮನೆಗೆ ಓಡಿದೆ. ನಿನ್ನ ಕಡೆಯವರ ಕೆಲಸ ಅಂದೆ. ಗುನಾರ್ಸ್ ತಮಾಷೆ ಮಾಡಲಿಲ್ಲ. ಬೂಟು ಹಾಕಿಕೊಂಡ.

ಅದೇ ದಿನ, ಮಧ್ಯಾಹ್ನ
ಮರದ ಸಡಿಲ ತೊಗಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಕೊನೆಗೆ ಸಿಕ್ಕಿತು — ಚಳಿಗೆ ಮರಗಟ್ಟಿ, ಉಂಡೆಯಾಗಿ ಮಲಗಿದ ಬರ್ಚ್ ಇಲಿ. ಬೆನ್ನುದ್ದಕ್ಕೂ ಕಪ್ಪು ಗೆರೆ. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ನಿದ್ದೆ. ನನ್ನ ಪಾಚಿಯೂ ಹಾಗೆಯೇ, ಇದ್ದೂ ಕಾಣದು. ಇಲಿಗೂ ಕಾಯ್ದೆಯ ರಕ್ಷಣೆ ಇದೆ.

ಅರ್ನಿಸ್ ಬಂದರು. ಮಂಡಿಯೂರಿದರು.

"ಸತ್ತಿಲ್ಲ ತಾನೇ, ಅಮ್ಮಾ?"

ಮೀಸೆ ನೋಡಿ ಅಂದ ಗುನಾರ್ಸ್. ಮೀಸೆ ಅಲುಗಿತು.

"ಸರಿ, ಮರ ಇಲ್ಲೇ ಇರಲಿ. ಮಲಗಿದವರನ್ನ ಯಾಕೆ ಎಬ್ಬಿಸೋದು."

ಕಡ್ಡಿ ತಿಂದದ್ದು ನಿದ್ದೆಯ ನಡುವೆ ಎದ್ದ ಇದೇನೋ, ಬೇರೆಯದೋ. ಗುನಾರ್ಸ್‌ಗೂ ಗೊತ್ತಿಲ್ಲ. ಪಾಚಿ ಮಾತ್ರ ಮರದೊಳಗೆ ಉಳಿಯಿತು. ಮುಂದೆ ಮತ್ತೆ ತಲೆ ಎತ್ತೀತು. ದಾರಿಯಲ್ಲಿ ಅವನು ಗೆದ್ದವನ ಹಾಗೆ ಮಾತಾಡಲಿಲ್ಲ.

"ಆ ಮರ ನೀನು ತೋರಿಸದಿದ್ರೆ ನಾನೆಲ್ಲಿ ನೋಡ್ತಿದ್ದೆ?"

ಮನೆಯವರೆಗೂ ನಾನು ಅವನ ತೋಳು ಬಿಡಲಿಲ್ಲ.

ಮೇ 9
ಬಿಸಿಲು. ಇಲಿ ಎದ್ದು ಹೋಗಿದೆ. ತೊಗಟೆಯಡಿ ಖಾಲಿ ಗೂಡು. ಒಳಗೆ ಹಾಸಿದ್ದು ಪಾಚಿ. ಯಾವ ಜಾತಿಯದು... ಒಂದು ಎಳೆ ಕಿತ್ತರೆ ತಿಳಿಯುತ್ತಿತ್ತು. ಕೀಳಲಿಲ್ಲ. ಸುತ್ತ ಯಾರೂ ಇರಲಿಲ್ಲ. ಖಾಲಿ ಗೂಡಿಗೆ ಥ್ಯಾಂಕ್ಸ್ ಅಂದೆ, ಗಟ್ಟಿಯಾಗಿಯೇ. ಆಮೇಲೆ ತೊಗಟೆಯನ್ನು ಮೆಲ್ಲಗೆ ಮೊದಲಿನ ಹಾಗೇ ಮುಚ್ಚಿದೆ.