ಕತ್ತಲಾದ ಮೇಲೆ ಬಂದವರ ಮಾತು

ಟಿರೆಲ್ ಕೊಲ್ಲಿ, ಕ್ಯಾರಿಯಾಕೂ ದ್ವೀಪ
ಮಾರ್ಚ್ ಒಂಬತ್ತು

ನನ್ನ ಬಾಲ್ಯದ ವರ್ಲಿನ್‌ಗೆ,

ಈ ಪತ್ರವನ್ನು ಮೂರು ಬಾರಿ ಬರೆದು ಹರಿದುಹಾಕಿದ್ದೇನೆ. ಮೂರರಲ್ಲಿಯೂ ಒಂದು ಅಕ್ಷರದ ದೋಷವೂ ಇರಲಿಲ್ಲ. ಹೇಳಬೇಕಾದ ವಿಷಯವೂ ಇರಲಿಲ್ಲ. ಒಂದರಲ್ಲಿ ಗಾಳಿಯ ಸ್ಥಿತಿಗತಿಯನ್ನು ಬರೆದೆ, ಇನ್ನೊಂದರಲ್ಲಿ ನಿನ್ನ ಮಂಡಿನೋವನ್ನು ವಿಚಾರಿಸಿದೆ, ಮತ್ತೊಂದರಲ್ಲಿ ನೀನು ಮರೆತುಹೋದ ಟವೆಲ್ಲನ್ನು ಅಂಚೆಯಲ್ಲಿ ಕಳುಹಿಸಲೇ ಎಂದು ಕೇಳಿದೆ. ಇದನ್ನು ಮಾತ್ರ ತಿದ್ದದೆ ಕಳುಹಿಸುತ್ತೇನೆ.

ನೀನು ಹಡ್ಡರ್ಸ್‌ಫೀಲ್ಡಿಗೆ ಮರಳಿ ಇಪ್ಪತ್ತಾರು ದಿನಗಳಾದವು. ದೋಣಿಯ ಮುಂಭಾಗದಲ್ಲಿ ಹಾಸಿದ್ದ ನಿನ್ನ ಹಾಸಿಗೆಯನ್ನು ನಾನಿನ್ನೂ ಸುತ್ತಿಟ್ಟಿಲ್ಲ. ಬೆಳಿಗ್ಗೆ ಕೋಕೋ ಚಹಾಕ್ಕೆ ನೀರಿಡುವಾಗ ಕೈ ತಾನಾಗಿಯೇ ಇಬ್ಬರಿಗಾಗುವಷ್ಟು ಸುರಿಯುತ್ತದೆ. ರೇಡಿಯೊದಲ್ಲಿ ವಾರ್ತೆ ಓದುವವನ ಉಚ್ಚಾರಣೆಯನ್ನು ಈಗಲೂ ತಿದ್ದುತ್ತೇನೆ. ಅವನು ಬೇಸರಿಸಿಕೊಳ್ಳುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ.

ಚಂಡಮಾರುತವು ಮನೆಯ ಛಾವಣಿಯನ್ನು ಹೊತ್ತೊಯ್ದ ವರ್ಷ ನಾನು ಕೊಲ್ಲಿಯಲ್ಲಿ ಲಂಗರು ಹಾಕಿರುವ ಈ ದೋಣಿಗೆ ಬಂದು ಸೇರಿದೆನೆಂದು ನಿನಗೆ ಬರೆದಿದ್ದೆ. ಆಲ್ವಿನ್ ತನ್ನ ಕೈಯಾರೆ ಕಟ್ಟಿದ ದೋಣಿ; ಗಂಡ ಹೋದ ಮೇಲೂ ಅವನ ನೆರಳಿನಲ್ಲಿ ಇರುವಂತಾಯಿತು. ಆಗ ನಿನ್ನ ಉತ್ತರ ಬಂತು: "ಮನೆ ಇಲ್ದಿದ್ರೆ ಏನಂತೆ? ದೋಣಿ ಇದೆಯಲ್ಲೇ. ಒಂದು ಮೂಲೆ ಕೊಡು, ಮುದುರಿಕೊಂಡು ಮಲಗ್ತೀನಿ." ನಲವತ್ತಾರು ವರ್ಷ ಆ ಚಳಿಯ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆದು, ಗಂಡನನ್ನು ಅಲ್ಲಿನ ಮಣ್ಣಿಗೆ ಒಪ್ಪಿಸಿ, ನೀನು ಹತ್ತು ದಿನಗಳ ಮಟ್ಟಿಗೆ ಬಂದೆ.

ಬಂದ ಮೊದಲ ದಿನವೇ ನಾನು ನಿನಗೆ ನಿಯಮಗಳನ್ನು ಒಪ್ಪಿಸಿದೆ. ಪಾತ್ರೆಗೆ ಸಮುದ್ರದ ನೀರು, ಮುಖಕ್ಕೆ ಮಾತ್ರ ಸಿಹಿನೀರು. ಕ್ಯಾಬಿನ್ನಿಗೆ ಇಳಿಯುವಾಗ ತಲೆ ಬಗ್ಗಿಸಬೇಕು. ಒಲೆಯ ಪಕ್ಕದ ಎರಡು ಮೊಳೆಗಳಲ್ಲಿ ಒಂದರಲ್ಲಿ ನನ್ನ ಮಗ್ಗು, ಇನ್ನೊಂದರಲ್ಲಿ ಆಲ್ವಿನ್ನನ ಮಗ್ಗು. ಅದನ್ನು ಯಾರೂ ಮುಟ್ಟುವಂತಿಲ್ಲ, ಅತಿಥಿಗೆ ಗಾಜಿನ ಲೋಟ. ನೀನು ತೊಲೆಗೆ ಹಣೆ ಬಡಿಸಿಕೊಂಡು, ಉಜ್ಜಿಕೊಳ್ಳುತ್ತ ನಕ್ಕೆ: "ನಿನ್ನ ದೋಣೀಲಿ ಉಸಿರಾಡೋಕೂ ವ್ಯಾಕರಣ ಬೇಕಲ್ಲೇ, ಇಯಾಂಥಿ!"

ನಾಲ್ಕನೆಯ ದಿನ ಹಾಯಿ ಬಿಚ್ಚಿ ದ್ವೀಪದ ಆಚೆ ಬದಿಯ ವಿಂಡ್‌ವರ್ಡ್ ಹಳ್ಳಿಯ ಕಡೆಗೆ ಹೊರಟೆವು. ನೀನು ಮುಂದಿನ ಹಾಯಿಯ ಹಗ್ಗ ಹಿಡಿದಿದ್ದೆ. ಅದನ್ನು ಬರಿದೆ ಹಗ್ಗವೆನ್ನಬಾರದು, ದೋಣಿಯಲ್ಲಿ ಪ್ರತಿಯೊಂದು ಹಗ್ಗಕ್ಕೂ ಅದರದೇ ಹೆಸರಿದೆ ಎಂದೆ ನಾನು. "ಹಗ್ಗಕ್ಕೆ ಹೆಸರ್ಯಾಕೆ? ಕರೆದ್ರೆ ಓಡಿ ಬರುತ್ತಾ?" ಎಂದೆ ನೀನು. ನನಗೆ ನಗು ಬಂದಿತ್ತು, ವರ್ಲಿನ್. ತರಗತಿಯಲ್ಲಿ ನಕ್ಕರೆ ಶಿಸ್ತು ಕೆಡುತ್ತದೆಂದು ಮೂವತ್ತೆಂಟು ವರ್ಷ ತುಟಿ ಬಿಗಿದವಳಿಗೆ ಅದನ್ನು ಸಡಿಲಿಸಲು ಬರಲಿಲ್ಲ. ಹಿಂದಿರುಗುವಾಗ ನೀನು ಗಾಳಿಯ ಬದಿಗೆ ಕುಳಿತು ಹಾಡಿದೆ. ಆಲ್ವಿನ್ ಹೋದ ಮೇಲೆ ಮೊದಲ ಬಾರಿಗೆ ಆ ಬದಿಯಲ್ಲಿ ಒಬ್ಬರ ಭಾರವಿತ್ತು. ದೋಣಿ ವಾಲದೆ ನೆಟ್ಟಗೆ ಓಡಿತು. ಅದನ್ನು ನಿನಗೆ ಹೇಳಬೇಕೆಂದುಕೊಂಡೆ. ಹೇಳಿದ್ದು, ನೀನು ಹಗ್ಗ ಸುತ್ತಿಟ್ಟ ಕ್ರಮ ಸರಿಯಿಲ್ಲವೆಂದು.

ದಿನ ಕಳೆದಂತೆ ನಿನ್ನ ತಮಾಷೆಗಳು ಕಡಿಮೆಯಾದವು. ನಾನು ಅದನ್ನು ಕಲಿಕೆಯ ಲಕ್ಷಣವೆಂದು ತಿಳಿದೆ.

ಸೂರ್ಯ ಮುಳುಗಿದ ಮೇಲೆ ಬಂದವರು 'ಗುಡ್ ನೈಟ್' ಎಂದು ಕೂಗಿ ತಾವು ಬಂದುದನ್ನು ತಿಳಿಸುವುದು ನಮ್ಮ ದ್ವೀಪದವರ ವಾಡಿಕೆ. ಅದು ಹೋಗುವವರ ಮಾತು, ಬಂದವರು 'ಗುಡ್ ಈವನಿಂಗ್' ಎನ್ನಬೇಕು ಎಂಬುದು ನನ್ನ ಇಡೀ ಜೀವನದ ಪಾಠ. ಆ ಪಾಠ ಶುರುವಾದದ್ದೇ ನಿನ್ನಿಂದ. ನನಗೆ ಹದಿನಾರು; ಕಲಿಯುತ್ತಲೇ ಕಲಿಸಲೆಂದು ಆಗಷ್ಟೇ ನೇಮಿಸಿದ್ದರು. ನಿನಗೆ ಹದಿನೈದು. ಶಾಲೆಯ ಸಂಗೀತ ಕಾರ್ಯಕ್ರಮದ ಸಂಜೆ ಇನ್ಸ್‌ಪೆಕ್ಟರು ಬಾಗಿಲಿಗೆ ಬಂದಾಗ ನೀನು ಹೂ ಕೊಟ್ಟು "ಗುಡ್ ನೈಟ್, ಸರ್" ಎಂದೆ. ಅವರು "ಹಾಗಾದರೆ ನಾನು ಮನೆಗೆ ಹೋಗಲೇ?" ಎಂದು ನಕ್ಕರು. ಮರುದಿನ ನಾನು ನಿನ್ನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ಸರಿಯಾದ ಮಾತನ್ನು ಇಪ್ಪತ್ತು ಬಾರಿ ಹೇಳಿಸಿದೆ. ಹಿಂದಿನ ದಿನದವರೆಗೂ ಮಾವಿನಕಾಯಿಯನ್ನು ಕಚ್ಚಿ ಅರ್ಧ ನನಗೆ ಕೊಡುತ್ತಿದ್ದವಳು ನೀನು. ಆ ವಾರವೇ ನೀನು ಶಾಲೆ ಬಿಟ್ಟೆ. ಅದಕ್ಕೆ ಕಾರಣ ನಾನೇ ಎಂದು ನೀನು ಎಂದೂ ಹೇಳಲಿಲ್ಲ, ನಾನು ಎಂದೂ ಕೇಳಲಿಲ್ಲ.

ಒಂಬತ್ತನೆಯ ದಿನ ನೀನು "ಒಂದು ಸಣ್ಣ ಕೆಲಸ ಇದೆ ಕಣೆ" ಎಂದು ಬಸ್ಸು ಹಿಡಿದು ಒಬ್ಬಳೇ ಹಿಲ್ಸ್‌ಬರೊ ಪೇಟೆಗೆ ಹೋದೆ. ನಾನು ನಿನಗಾಗಿ ಲಾಂಬಿ ಶಂಖದ ಮಾಂಸದ ಸಾರು ಮಾಡಿ, ಡೆಕ್ಕಿನ ಮೇಲೆ ಕುಳಿತು, ಹತ್ತು ದಿನಗಳನ್ನು ಇಪ್ಪತ್ತು ಮಾಡು ಎಂದು ಹೇಗೆ ಕೇಳುವುದೆಂದು ವಾಕ್ಯ ಜೋಡಿಸುತ್ತಿದ್ದೆ. ಬೇಡುವಂತೆ ಕೇಳಿಸಬಾರದು, ಅಪ್ಪಣೆಯಂತೆಯೂ ಇರಬಾರದು. ವಾಕ್ಯ ಇನ್ನೂ ಮುಗಿದಿರಲಿಲ್ಲ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಮೀನುಗಾರ ಡನ್‌ಸ್ಟನ್ ಹುಟ್ಟು ಹಾಕುವ ಸದ್ದು ಕೇಳಿತು, ಅವನ ದೋಣಿಯಲ್ಲಿ ನೀನು ಎದ್ದು ನಿಂತು, ಹುಡುಗಿಯಂತೆ ಕೈ ಬೀಸಿ ಕೂಗಿದೆ: "ಗುಡ್ ನೈಟ್, ಇಯಾಂಥಿ! ಬಂದೆ ಕಣೇ!"

ನನ್ನ ಬಾಯಿಂದ ಬಂದದ್ದು ನಿನಗೆ ನೆನಪಿದೆ. "ಅದು ಹೋಗುವವರ ಮಾತು, ವರ್ಲಿನ್. ನೀನು ಹೋಗುತ್ತಿದ್ದೀಯಾ?"

ನೀನು ಕೈ ಕೆಳಗಿಳಿಸಿದೆ. "ಹೌದು, ಟೀಚರ್," ಎಂದೆ. "ಹೋಗ್ತಿದ್ದೀನಿ."

ಟೀಚರ್ ಎಂದೆ. ನನ್ನ ಹೆಸರು ಹಿಡಿದು ಕರೆಯುವವರು ಈ ದ್ವೀಪದಲ್ಲಿ ಇನ್ನಾರೂ ಉಳಿದಿಲ್ಲ. ನೀನು ಸಾರು ಚೆನ್ನಾಗಿದೆಯೆಂದು ಹೊಗಳಿ ಊಟ ಮಾಡಿದೆ, ಬೆಳಿಗ್ಗೆ ತಲೆ ಬಗ್ಗಿಸಿ ತೊಲೆ ತಾಗದಂತೆ ಹೊರಬಂದೆ, ಹಗ್ಗವನ್ನು ಅದರ ಸರಿಯಾದ ಹೆಸರಿನಿಂದಲೇ ಕರೆದು ನನ್ನ ಕೈಗಿತ್ತೆ. ಒಂದು ತಪ್ಪನ್ನೂ ಮಾಡದೆ ಹೋದೆ.

ಕಳೆದ ಗುರುವಾರ ಡನ್‌ಸ್ಟನ್ ಕಾಗದದಲ್ಲಿ ಸುತ್ತಿದ ವಸ್ತುವೊಂದನ್ನು ತಂದ. "ನಿಮ್ಮ ಗೆಳತಿ ನನ್ನ ದೋಣೀಲಿ ಬಿಟ್ಟುಹೋದ್ರು, ಟೀಚರ್. ಮರುದಿನ ಬೆಳಿಗ್ಗೆ ವಾಪಸ್ ಕೊಡೋಕೆ ಹೋದ್ರೆ, ನೀನೇ ಇಟ್ಕೋ ಅಂದ್ರು. ನನ್ನ ಹೆಂಡ್ತಿ ಬೈತಾಳೆ, ಯಾವ ಹೆಂಗಸು ಕೊಟ್ಟಿದ್ದು ಅಂತ." ಬಿಚ್ಚಿದೆ. ನೀಲಿ ಬಣ್ಣದ ಒಂದು ಮಗ್ಗು. ನಾನು ಏನೂ ಕೇಳದಿದ್ದರೂ ಅವನೇ ಹೇಳಿದ: "ಆ ಸಂಜೆ ಎಷ್ಟು ಖುಷಿಯಾಗಿದ್ರು ಗೊತ್ತಾ? ಟಿಕೆಟ್ ತಾರೀಕು ಮುಂದಕ್ಕೆ ಹಾಕೋಕೆ ಕೇಳಿ ಬಂದಿದ್ದೀನಿ, ಅವಳು ಇರು ಅಂದ್ರೆ ಸಾಕು, ಇಲ್ಲೇ ಇದ್ದುಬಿಡ್ತೀನಿ ಅಂದ್ರು. ಲೋಟದಲ್ಲಿ ಕುಡಿದ್ರೆ ನೆಂಟಳ ಥರ ಇರುತ್ತೆ, ಅದಕ್ಕೇ ಮಗ್ಗು ಅಂದ್ರು."

ಅವನು ಹೋದ ಮೇಲೆ ಆಲ್ವಿನ್ನನ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದು ಮೂರನೆಯ ಮೊಳೆ ಹೊಡೆದೆ. ಸ್ವಲ್ಪ ಸೊಟ್ಟಗಾಗಿದೆ. ಹಾಗೆಯೇ ಬಿಟ್ಟಿದ್ದೇನೆ. ದೋಣಿ ತೂಗಿದಾಗಲೆಲ್ಲ ನಿನ್ನ ಮಗ್ಗು ಆಲ್ವಿನ್ನನ ಮಗ್ಗಿಗೆ ತಾಗಿ ಸದ್ದು ಮಾಡುತ್ತದೆ.

ಈಗಷ್ಟೇ ಕತ್ತಲಾಯಿತು. ಡನ್‌ಸ್ಟನ್ ಮೀನು ತಂದು ಎಂದಿನಂತೆ "ಗುಡ್ ನೈಟ್, ಟೀಚರ್!" ಎಂದು ಕೂಗಿದ, ಎಂದಿನಂತೆ ಬೈಗುಳಕ್ಕಾಗಿ ಕಾದ. "ಗುಡ್ ನೈಟ್, ಡನ್‌ಸ್ಟನ್" ಎಂದೆ. ಅವನ ಕೈಯ ಹುಟ್ಟು ನೀರಿಗೆ ಜಾರಿತು. "ಟೀಚರ್, ಹುಷಾರಾಗಿದ್ದೀರಾ ತಾನೇ? ನರ್ಸನ್ನ ಕರ್ಕೊಂಡು ಬರ್ಲಾ?" ಎಂದ.

ಹುಷಾರಾಗಿಲ್ಲ, ವರ್ಲಿನ್. ಮುಗಿಸಲಾಗದ ಆ ವಾಕ್ಯ ಇಷ್ಟೇ: ಬಾ, ಇಲ್ಲಿ ಇರು. ಟವೆಲ್ಲನ್ನು ಅಂಚೆಗೆ ಹಾಕುವುದಿಲ್ಲ. ಕತ್ತಲಾದ ಮೇಲೆಯೇ ಬಾ, ನೀರಿನ ಮೇಲಿಂದಲೇ ಕೂಗು. ಸಾಗರದ ಆಚೆಯಿಂದ ಇತ್ತ ಬೀಸುವ ಗಾಳಿ ದಾರಿಯುದ್ದಕ್ಕೂ ನಿನ್ನ ಬೆನ್ನಿಗಿರಲಿ, ನಿನ್ನ ಮಂಡಿಗೆ ನಮ್ಮ ಬಿಸಿಲು ಬೇಗ ತಾಗಲಿ.

ಬಂದವರಿಗೆ ಹೇಳುವ ಅರ್ಥದಲ್ಲಿ,
ಗುಡ್ ನೈಟ್, ವರ್ಲಿನ್.

ನಿನ್ನ
ಇಯಾಂಥಿ