ಟ್ರಂಕಲ್ಲಿಟ್ಟು ಉಳಿಸಿದ ಟಾರ್ಚು

ಭಾನೂನ ಅಪ್ಪ,

ನಮ್ಮವ್ವನ್ನ ನೋಡೋಕೆ ಉಮ್ಮತ್ತೂರಿಗೆ ಹೊರಟೆ, ನಾಳೆ ಬತ್ತೀನಿ. ಸಾರು ಒಲೆ ಮೇಲದೆ.

ನಮ್ಮಪ್ಪ ಮದುವೇಲಿ ಕೊಟ್ಟ ಹಿತ್ತಾಳೆ ಟಾರ್ಚು ಸವೆದೋಯ್ತದೆ ಅಂತ ಸೆಲ್ಲು ಸಮೇತ ಟ್ರಂಕಲ್ಲಿಟ್ಟು ಪೂಜೆ ಮಾಡ್ತಿದ್ರಲ್ಲ, ಇವತ್ತು ಬಿಚ್ಚಿ ನೋಡಿದೆ. ಪ್ರಸಾದ ಸಿಕ್ತು! ಸೆಲ್ಲು ಸೋರಿ ಒಳಗೆಲ್ಲ ಕಿಲುಬು. ಸುಮ್ನೆ ಇಟ್ರೂ ಸೆಲ್ಲು ತನ್ನನ್ನ ತಾನೇ ತಿನ್ಕೊಂಡು, ಆಮೇಲೆ ಟಾರ್ಚನ್ನೂ ತಿಂತದೆ ಕಣ್ರೀ.

ಟಾರ್ಚು ಟ್ರಂಕಲ್ಲಿ ಬೆಚ್ಚಗೆ ಮಲಗಿತ್ತು, ನೀವು ಬಂಡೀಪುರದ ಚೆಕ್‌ಪೋಸ್ಟಿಂದ ಡ್ಯೂಟಿ ಮುಗಿಸಿ ರಾತ್ರಿ ಆನೆ ದಾರೀಲಿ ಬೀಡಿ ಬೆಳಕಲ್ಲಿ ನಡಕೊಂಡು ಬರ್ತಿದ್ರಿ. ಎಂಥಾ ಉಳಿತಾಯ!

ಹೊಸ ಟಾರ್ಚು ತಂದು ಗೋಡೆ ಗೂಡಲ್ಲಿಟ್ಟಿವ್ನಿ. ಬಿಸಿಲಿಗೆ ಒಣಗಾಕಿರೋ ನಿಮ್ಮ ಹಳೇ ಸೆಲ್ಲನ್ನ ಅದಕ್ಕೆ ತುರುಕಬೇಡಿ. ಇವತ್ತಿಂದಲೇ ಹಿಡ್ಕೊಂಡೋಗಿ, ದಿನಾ ಉರಿಸಿ. ಸೆಲ್ಲು ಮುಗುದ್ರೆ ಗುಂಡ್ಲುಪೇಟೇಲಿ ಸಿಕ್ತದೆ. ಭಾನುಗೆ ಅಪ್ಪ ಸಿಕ್ಕಲ್ಲ.

ಮಂಗಳಗೌರಿ