ಸುಮ್ಮನೆ ಮಾಡಿದ ಫೋನ್

ಮಗಳೇ,

ಮೊನ್ನೆ ಫೋನ್ ಮಾಡಿ, “ಏನಿಲ್ಲಮ್ಮ, ಸುಮ್ಮನೆ ಮಾಡಿದೆ” ಎಂದು ಇಟ್ಟುಬಿಟ್ಟೆನಲ್ಲ, ಅದು ಸುಮ್ಮನೆ ಮಾಡಿದ್ದಲ್ಲ. ಆಗ ನಾನು ಬ್ಯಾಂಕಿನ ಕೌಂಟರಿನ ಮುಂದೆ ನಿಂತಿದ್ದೆ.

ಅಂದು ಬೆಳಿಗ್ಗೆ ಫೋನಿನಲ್ಲಿ ಒಂದು ಹೆಣ್ಣು ದನಿ ಅಳುತ್ತಾ, “ಅಪ್ಪಾ, ಪೊಲೀಸರು ಹಿಡ್ಕೊಂಡಿದ್ದಾರೆ, ದುಡ್ಡು ಕಳಿಸು, ಯಾರಿಗೂ ಹೇಳ್ಬೇಡ” ಎಂದಿತು. ನೀನೇ ಎಂದುಕೊಂಡು ಠೇವಣಿ ಮುರಿಸಲು ಓಡಿದೆ. ಕೌಂಟರಿನ ಹುಡುಗಿ ಒಪ್ಪಲಿಲ್ಲ. ವಯಸ್ಸಾದವರು ದೊಡ್ಡ ಮೊತ್ತ ಕಳಿಸುವಾಗ ಒಂದು ದಿನ ತಡೆದು ವಿಚಾರಿಸಬೇಕೆಂದು ಸರ್ಕಾರ ಹೊಸ ನಿಯಮ ಮಾಡಿದೆಯಂತೆ.

“ನನ್ನ ಮಗಳು ಠಾಣೆಯಲ್ಲಿದ್ದಾಳೆ, ನೀನು ನಿಯಮ ಓದ್ತೀಯಾ?” ಎಂದು ಕೂಗಾಡಿದೆ.

“ಬೈಯಿರಿ ತಾತ, ಪರವಾಗಿಲ್ಲ. ಮೊದಲು ಮಗಳಿಗೊಂದು ಫೋನ್ ಮಾಡಿ” ಎಂದಳು.

ನೀನು ಎತ್ತಿ, “ಡ್ಯೂಟಿಯಲ್ಲಿದ್ದೀನಿ, ಬೇಗ ಹೇಳಪ್ಪಾ. ಬಿಪಿ ಮಾತ್ರೆ ತಗೊಂಡ್ಯಾ?” ಎಂದು ಗದರಿದೆ. ಬೈಸಿಕೊಂಡು ಅಷ್ಟು ಖುಷಿಯಾಗಿದ್ದು ಅದೇ ಮೊದಲು.

ಮಗಳ ದನಿಯೇ ಗೊತ್ತಾಗಲಿಲ್ಲವೇ ಎಂದು ನೀನು ಕೇಳಬಹುದು. ಇಷ್ಟು ವರ್ಷ ಫೋನಿನಲ್ಲಿ ನಿನ್ನ ಜೊತೆ ಮಾತಾಡುತ್ತಿದ್ದವಳು ನಿನ್ನಮ್ಮ. ನಾನು ಪಕ್ಕದಲ್ಲಿ ಪೇಪರ್ ಹಿಡಿದು, “ಚೆನ್ನಾಗಿದ್ದಾಳಂತಾ?” ಎನ್ನುತ್ತಿದ್ದೆ, ಅಷ್ಟೆ. ಅವಳು ಹೋದಮೇಲೂ ನಮ್ಮಿಬ್ಬರಿಗೆ ಮಾತಿನ ಅಭ್ಯಾಸವಾಗಲಿಲ್ಲ.

ಇನ್ನು ಮೇಲೆ ಇಂಥ ಸಂದರ್ಭದಲ್ಲಿ ಬ್ಯಾಂಕಿನವರು ನಾನು ನಂಬುವ ಒಬ್ಬರನ್ನು ಕೇಳುತ್ತಾರಂತೆ. ನಿನ್ನ ನಂಬರು ಕೊಟ್ಟಿದ್ದೇನೆ. ಅವರು ಕರೆದರೆ ಗಾಬರಿಯಾಗಬೇಡ.

ಆದರೆ ಅವರಿಗಿಂತ ಮೊದಲು, ಈ ಭಾನುವಾರ ನೀನೇ ಒಂದು ಫೋನ್ ಮಾಡು. ಮಾತಿಗಾಗಿ ಹುಡುಕಬೇಡ, ಏನು ಅಡುಗೆ ಮಾಡಿದೆ ಎಂದು ಹೇಳಿದರೂ ಸಾಕು. ನಿನ್ನ ದನಿ ನನಗೆ ರೂಢಿಯಾಗಬೇಕು.

ಫೋನಿನ ಪಕ್ಕದಲ್ಲೇ ಇರುವ,
ಅಪ್ಪ